ಮೇಜಿನ ಮುಂದಿನ ಸರದಿ: ಎರಡನೇ ತರಗತಿಯಲ್ಲಿ ಹೆಣಿಗೆ ಕಲಿಸಿದ ಒಂದು ಪ್ರಕರಣ

ಇದು ಒಂದು ಪ್ರಾಥಮಿಕ ಶಾಲೆಯ ಎರಡನೇ ತರಗತಿಯಲ್ಲಿ ಒಂದು ವರ್ಷ ನಡೆದ ಹೆಣಿಗೆ ಪಾಠದ ಕಥನ. ಶಾಲೆ, ಶಿಕ್ಷಕಿ, ಮಕ್ಕಳು ಯಾರೆಂದು ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ಮಕ್ಕಳನ್ನು ಅವರವರ ನೂಲಿನ ಬಣ್ಣದಿಂದಷ್ಟೇ ಕರೆದಿದ್ದೇನೆ. ಶಿಕ್ಷಕಿಗೆ ನೆರವಾಗಲೆಂದು ನಾನು ಎರಡು ವಾರಕ್ಕೊಮ್ಮೆ ಆ ತರಗತಿಗೆ ಹೋಗುತ್ತಿದ್ದೆ. ನಾನಿಲ್ಲದ ದಿನಗಳ ಸಂಗತಿಗಳನ್ನು ಅವರು ಬರೆದಿಟ್ಟ ಟಿಪ್ಪಣಿ ಪುಸ್ತಕದಿಂದ ತೆಗೆದುಕೊಂಡಿದ್ದೇನೆ. ಇಲ್ಲಿ ಹೇಳುವ ತಪ್ಪು ನಿರ್ಧಾರಗಳಲ್ಲಿ ಕೆಲವು ನನ್ನವೂ ಹೌದು.

ಹಿನ್ನೆಲೆ

ತರಗತಿಯಲ್ಲಿ ಏಳರಿಂದ ಎಂಟು ವರ್ಷದ 26 ಮಕ್ಕಳಿದ್ದರು. ವಾರಕ್ಕೆ 50 ನಿಮಿಷದ ಒಂದು ಅವಧಿ, ಒಟ್ಟು 24 ವಾರ. ಶಿಕ್ಷಕಿ ಹೆಣಿಗೆಯಲ್ಲಿ ಬಹಳ ಪಳಗಿದವರು. ಕೈಯ ಕಡೆ ನೋಡದೆ, ಮಾತಾಡುತ್ತಲೇ, ಸ್ವೆಟರಿನ ತೋಳೊಂದನ್ನು ಮುಗಿಸಬಲ್ಲವರು. ಅಷ್ಟು ಪಳಗಿದ ಕೈ ಈ ಪ್ರಕರಣದಲ್ಲಿ ಅನುಕೂಲಕ್ಕಿಂತ ತೊಡಕನ್ನೇ ಹೆಚ್ಚು ತಂದಿತೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ಬರುತ್ತದೆ.

1919ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಆರಂಭವಾದ ವಾಲ್ಡಾರ್ಫ್ ಶಾಲೆಯ ಪದ್ಧತಿಯನ್ನು ಅನುಸರಿಸುವ ಶಾಲೆಗಳಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಎಲ್ಲರಿಗೂ ಮೊದಲನೇ ತರಗತಿಯಲ್ಲೇ ಹೆಣಿಗೆ ಕಲಿಸುತ್ತಾರೆಂದು ಶಿಕ್ಷಕಿ ಓದಿದ್ದರು. ಆರೇಳು ವರ್ಷದವರ ಕೈಗೆ ಬರುವುದು ಏಳೆಂಟು ವರ್ಷದವರ ಕೈಗೆ ಬಾರದೆ ಇರುತ್ತದೆಯೇ ಎಂಬುದು ಅವರ ತರ್ಕವಾಗಿತ್ತು, ನಾನೂ ಅದಕ್ಕೆ ತಲೆಯಾಡಿಸಿದ್ದೆ. ಅಂಥ ಶಾಲೆಗಳಲ್ಲಿ ಕಡ್ಡಿ ಹಿಡಿಯುವ ಮುನ್ನ ಬೆರಳಲ್ಲೇ ನೂಲು ಹೆಣೆಯುವ ಅಭ್ಯಾಸ ಇರುವುದುಂಟು, ಮರದ ಕಡ್ಡಿಯನ್ನು ಮಕ್ಕಳೇ ಉಜ್ಜಿ ನಯಮಾಡಿ ತಯಾರಿಸಿಕೊಳ್ಳುವುದೂ ಉಂಟು. ಆ ಭಾಗವನ್ನು ನಾವಿಬ್ಬರೂ ಓದಿದ್ದೆವು. ಸಮಯ ಸಾಲದೆಂದು ಬಿಟ್ಟುಬಿಟ್ಟೆವು.

ಗುರಿ ದೊಡ್ಡದೇನೂ ಆಗಿರಲಿಲ್ಲ. 20 ಕುಣಿಕೆ ಹಾಕಿಕೊಂಡು, ಪ್ರತಿ ಸಾಲನ್ನೂ ಸೀದಾ ಹೆಣಿಗೆಯಲ್ಲೇ ಹೆಣೆದು, ಒಂದು ಚೌಕ ಮಾಡಬೇಕು. ಹೀಗೆ ಹೆಣೆದಾಗ ಎರಡು ಸಾಲಿಗೊಂದು ಉಬ್ಬಿದ ಪಟ್ಟಿ ಮೂಡುತ್ತದೆ, ಮತ್ತು ಕುಣಿಕೆಗಳು ಎಷ್ಟಿವೆಯೋ ಸುಮಾರಾಗಿ ಅಷ್ಟೇ ಪಟ್ಟಿಗಳು ಬಂದಾಗ ತುಂಡು ಚೌಕಾಕಾರಕ್ಕೆ ಬರುತ್ತದೆ. ಮೂಲೆಗೆ ಮೂಲೆ ಕೂಡಿಸಿ ಮಡಚಿದರೆ ಅಳತೆಪಟ್ಟಿಯಿಲ್ಲದೆ ಮಗುವೇ ಅದನ್ನು ಪರೀಕ್ಷಿಸಬಹುದು. 20 ಪಟ್ಟಿ ಎಂದರೆ 40 ಸಾಲು, 800 ಕುಣಿಕೆ. 24 ವಾರಕ್ಕೆ ಇದು ಧಾರಾಳವಾಯಿತೆಂದು ನಮಗೆ ಅನಿಸಿತ್ತು.

ಸಮಸ್ಯೆ

ಮೊದಲ ದಿನ ಶಿಕ್ಷಕಿ ತರಗತಿಗೆ ಎದುರಾಗಿ ನಿಂತು ಕುಣಿಕೆ ಹಾಕುವುದನ್ನೂ ಹೆಣೆಯುವುದನ್ನೂ ತೋರಿಸಿದರು. ಎದುರಾಗಿ ನಿಂತವರ ಬಲಗೈ ನೋಡುವವರಿಗೆ ಎಡಬದಿಯಲ್ಲಿ ಕಾಣುತ್ತದೆಂಬ ಸಣ್ಣ ಸಂಗತಿ ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಧಿ ಮುಗಿದಾಗ ಒಂದು ಸಾಲು ಹೆಣೆದವರು ಮೂವರು. ಉಳಿದವರಲ್ಲಿ ಹೆಚ್ಚಿನವರು ಕುಣಿಕೆ ಹಾಕುವಲ್ಲೇ ಸಿಕ್ಕಿಬಿದ್ದಿದ್ದರು. ಹಾಕಿಕೊಂಡ ಕುಣಿಕೆಗಳ ಮೇಲೆ ಹೆಣೆಯುವ ಮೊದಲ ಸಾಲು ಇಡೀ ಕೆಲಸದಲ್ಲೇ ಅತ್ಯಂತ ಕಷ್ಟದ್ದು. ಅಲ್ಲಿ ಹಿಡಿಯಲು ಬಟ್ಟೆಯೇ ಇರುವುದಿಲ್ಲ, ಕುಣಿಕೆಗಳು ಕಡ್ಡಿಯ ಸುತ್ತ ತಿರುಚಿಕೊಳ್ಳುತ್ತವೆ. ನಾವು ಮಕ್ಕಳಿಗೆ ಅದನ್ನೇ ಮೊದಲ ಪಾಠವಾಗಿ ಕೊಟ್ಟಿದ್ದೆವು.

ಎರಡನೇ ವಾರ ಶಿಕ್ಷಕಿ 26 ತುಂಡುಗಳನ್ನೂ ಮನೆಯಲ್ಲೇ ಆರಂಭಿಸಿ ತಂದರು. ಆಗ ಬೇರೆ ತೊಂದರೆಗಳು ಎದ್ದವು. 20 ಕುಣಿಕೆ ಇದ್ದದ್ದು ಒಬ್ಬರಲ್ಲಿ 27 ಆಗಿತ್ತು, ಮತ್ತೊಬ್ಬರಲ್ಲಿ 14ಕ್ಕೆ ಇಳಿದಿತ್ತು. ಹೆಚ್ಚಾಗುವುದಕ್ಕೆ ಮುಖ್ಯ ಕಾರಣಗಳು ಎರಡು. ಸಾಲಿನ ಆರಂಭದಲ್ಲಿ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳೂ ಮೇಲೆದ್ದು ಎರಡು ಕುಣಿಕೆಗಳ ಹಾಗೆ ಕಾಣುತ್ತವೆ, ಮಗು ಎರಡನ್ನೂ ಹೆಣೆದುಬಿಡುತ್ತದೆ. ನಡುವೆ ಎಲ್ಲಾದರೂ ನೂಲು ಕಡ್ಡಿಯ ಮುಂಬದಿಗೆ ಜಾರಿದ್ದರೆ ಮುಂದಿನ ಕುಣಿಕೆ ಹೆಣೆಯುವಾಗ ಒಂದು ಹೆಚ್ಚಿನ ಸುತ್ತು ಬಿದ್ದು, ಅದೂ ಕುಣಿಕೆಯೆಂದೇ ಎಣಿಕೆಗೆ ಸೇರುತ್ತದೆ. ಕಡಿಮೆಯಾಗುವುದು ಕುಣಿಕೆ ಜಾರಿ ಬಿದ್ದಾಗ, ಇಲ್ಲವೇ ಎರಡನ್ನು ಒಟ್ಟಿಗೆ ಹೆಣೆದಾಗ. ಇನ್ನು ಸಾಲಿನ ನಡುವೆ ಕೆಲಸ ಕೆಳಗಿಟ್ಟು ಮತ್ತೆ ಎತ್ತಿಕೊಂಡವರು ಬಂದ ದಾರಿಗೇ ತಿರುಗಿ ಹೆಣೆಯುತ್ತಿದ್ದುದರಿಂದ ತುಂಡಿನ ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡವಾಗುತ್ತಿತ್ತು.

ಹೀಗೆ ತಪ್ಪಿದವರೆಲ್ಲ ಎದ್ದು ಬಂದು ಶಿಕ್ಷಕಿಯ ಮೇಜಿನ ಮುಂದೆ ಸರದಿ ನಿಲ್ಲುತ್ತಿದ್ದರು. ನಾನು ಮೊದಲ ಬಾರಿ ಎಣಿಸಿದ ದಿನ ಒಂಬತ್ತು ಮಕ್ಕಳಿದ್ದರು. ಲೆಕ್ಕ ಹಾಕಿದರೆ ಅದು ನಡೆಯುವ ಮಾತೇ ಆಗಿರಲಿಲ್ಲ. ಚೀಲ ಹಂಚಿ ಮತ್ತೆ ಒಳಗಿಡುವುದಕ್ಕೆ ಹತ್ತು ನಿಮಿಷ ಹೋದರೆ ಮಗುವೊಂದಕ್ಕೆ ಸಿಗುವುದು ಒಂದೂವರೆ ನಿಮಿಷ. ಐದಾರು ಸಾಲು ಕೆಳಗೆ ಜಾರಿದ ಒಂದು ಕುಣಿಕೆಯನ್ನು ಮೇಲೆತ್ತುವುದಕ್ಕೇ ಮೂರು ನಿಮಿಷ ಬೇಕು. ಸರದಿಯಲ್ಲಿ ನಿಂತವರು ಕಡ್ಡಿ ಹಿಡಿದು ನಿಂತಿರುತ್ತಿದ್ದರೇ ಹೊರತು ಹೆಣೆಯುತ್ತಿರಲಿಲ್ಲ. ಅವಧಿ ಮುಗಿದ ಮೇಲೆ ಶಿಕ್ಷಕಿ ಚೀಲಗಳನ್ನು ಮನೆಗೆ ಹೊತ್ತೊಯ್ದು, ರಾತ್ರಿ ಕುಳಿತು ಎಲ್ಲ ಸರಿಪಡಿಸಿ, ಬಿಚ್ಚಿಹೋದ ಸಾಲುಗಳನ್ನು ತಾವೇ ಹೆಣೆದು ತರುತ್ತಿದ್ದರು. ಹಸಿರು ನೂಲಿನ ಹುಡುಗಿಯೊಬ್ಬಳು ಒಂದು ದಿನ ಚೀಲ ತೆರೆದು, ‘ನಂದು ತಾನಾಗೇ ಸರಿಹೋಗಿದೆ’ ಎಂದು ಪಕ್ಕದವಳಿಗೆ ಹೇಳಿದ್ದು ಟಿಪ್ಪಣಿ ಪುಸ್ತಕದಲ್ಲಿದೆ. ಶಿಕ್ಷಕಿ ಅದನ್ನು ಬರೆದದ್ದು ತಮಾಷೆಯ ಮಾತೆಂದು.

ಮೊದಲು ಮಾಡಿದ ಪ್ರಯತ್ನಗಳು

ನಾಲ್ಕನೇ ವಾರ ಸಾಮಗ್ರಿ ಬದಲಾಯಿತು. ಆವರೆಗೆ ಇದ್ದದ್ದು 4 ಮಿಲಿಮೀಟರ್ ದಪ್ಪದ, ಉದ್ದನೆಯ ಅಲ್ಯೂಮಿನಿಯಂ ಕಡ್ಡಿಗಳು ಮತ್ತು ತೆಳ್ಳನೆಯ ಅಕ್ರಿಲಿಕ್ ನೂಲು. ಲೋಹದ ಮೇಲೆ ಕುಣಿಕೆ ಬೇಗ ಜಾರುತ್ತದೆ, ಉದ್ದದ ಕಡ್ಡಿ ಪಕ್ಕದವರ ಮೊಣಕೈಗೆ ತಗಲುತ್ತದೆ, ಗಾಢ ಬಣ್ಣದ ನೂಲಿನಲ್ಲಿ ಕುಣಿಕೆ ಎಲ್ಲಿದೆಯೆಂದು ದೊಡ್ಡವರಿಗೂ ಕಾಣುವುದಿಲ್ಲ. ಇವುಗಳ ಬದಲು 5.5 ಮಿಲಿಮೀಟರ್ ದಪ್ಪದ ಗಿಡ್ಡ ಮರದ ಕಡ್ಡಿಗಳನ್ನೂ ತಿಳಿ ಬಣ್ಣದ, ದಪ್ಪನೆಯ, ನಯವಾದ ಉಣ್ಣೆಯ ನೂಲನ್ನೂ ತರಿಸಿದೆವು. ಉಣ್ಣೆಗೆ ಹಿಗ್ಗುವ ಗುಣವಿರುವುದರಿಂದ ಬಿಗಿಯಾದ ಕುಣಿಕೆಯೊಳಗೂ ಕಡ್ಡಿ ತೂರುತ್ತದೆ. ಕುಣಿಕೆ ಜಾರುವುದು ಅದೇ ದಿನ ಕಡಿಮೆಯಾಯಿತು. ಸರದಿ ಮಾತ್ರ ಹೆಚ್ಚು ಕರಗಲಿಲ್ಲ.

ಆಮೇಲೆ ಪದ್ಯ. ಹೆಣಿಗೆಯ ಒಂದು ಕುಣಿಕೆಗೆ ನಾಲ್ಕು ಚಲನೆಗಳಿವೆ: ಕಡ್ಡಿಯನ್ನು ತೂರಿಸುವುದು, ನೂಲನ್ನು ಸುತ್ತುವುದು, ಸುತ್ತಿದ ನೂಲನ್ನು ಹೊರಗೆಳೆಯುವುದು, ಹಳೆಯ ಕುಣಿಕೆಯನ್ನು ಕಡ್ಡಿಯಿಂದ ಬಿಡಿಸುವುದು. ಶಿಕ್ಷಕಿ ಇದಕ್ಕೆ ‘ಬಾವಿಗಿಳಿ, ಹಗ್ಗ ಸುತ್ತು, ನೀರು ಸೇದು, ಕಟ್ಟೆ ಹತ್ತು’ ಎಂದು ಕಟ್ಟಿಕೊಟ್ಟರು. ಇದು ಚೆನ್ನಾಗಿ ಹಿಡಿಸಿತು. ಚಲನೆಗಳ ಕ್ರಮ ತಪ್ಪುವುದು ಎರಡೇ ವಾರದಲ್ಲಿ ಬಹುತೇಕ ನಿಂತಿತು. ಆದರೆ ಎಲ್ಲರೂ ಒಟ್ಟಿಗೆ ಹೇಳುವಾಗ ಬಾಯಿ ಒಂದು ವೇಗದಲ್ಲಿ, ಕೈ ಇನ್ನೊಂದು ವೇಗದಲ್ಲಿ ಓಡುತ್ತಿತ್ತು. ನಿಧಾನದ ಕೈಯವರು ‘ಕಟ್ಟೆ ಹತ್ತು’ ಬಂದಿತೆಂದು ನೀರು ಸೇದದೆಯೇ ಕುಣಿಕೆಯನ್ನು ಬಿಡಿಸಿಬಿಡುತ್ತಿದ್ದರು. ಸಾಮೂಹಿಕವಾಗಿ ಹೇಳುವುದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಕೈಯ ಲಯಕ್ಕೆ ಪಿಸುಗುಟ್ಟಿಕೊಳ್ಳಲಿ ಎಂದ ಮೇಲೆ ಅದು ಸರಿಹೋಯಿತು.

ಏಳನೇ ವಾರ, ಬಲ್ಲವರು ಬಾರದವರಿಗೆ ಕಲಿಸಲಿ ಎಂದು ಜೋಡಿ ಮಾಡಿದೆವು. ಇದು ನನ್ನ ಸಲಹೆ, ಮತ್ತು ಇದು ಕೆಟ್ಟಿತು. ಹಳದಿ ನೂಲಿನ ಹುಡುಗಿ ತರಗತಿಯಲ್ಲೇ ಚುರುಕು. ಎರಡು ವಾರದಲ್ಲಿ ಅವಳು ಮೂವರು ಗೆಳತಿಯರ ತುಂಡುಗಳನ್ನು ಹೆಣೆದುಕೊಟ್ಟಿದ್ದಳು, ಅವಳದು ಇದ್ದಲ್ಲೇ ಇತ್ತು. ಅವಳನ್ನು ದೂರುವಂತಿರಲಿಲ್ಲ. ಸಹಾಯವೆಂದರೆ ಇನ್ನೊಬ್ಬರ ಕೈಯಿಂದ ಕಡ್ಡಿ ತೆಗೆದುಕೊಳ್ಳುವುದೆಂದು ಅವಳು ಕಲಿತದ್ದು ನಮ್ಮನ್ನು ನೋಡಿಯೇ.

ನೀಲಿ ನೂಲಿನ ಹುಡುಗ

ಒಂಬತ್ತನೇ ವಾರದಲ್ಲಿ ನಡೆದ ಒಂದು ಘಟನೆಯಿಂದ ಪಾಠದ ದಿಕ್ಕೇ ಬದಲಾಯಿತು. ತಿಳಿನೀಲಿ ನೂಲಿನ ಹುಡುಗನೊಬ್ಬ ಚೀಲದಿಂದ ತನ್ನ ತುಂಡನ್ನು ತೆಗೆದು ಸ್ವಲ್ಪ ಹೊತ್ತು ನೋಡಿ, ಕಡ್ಡಿಯನ್ನು ಎಳೆದು, ನೂಲನ್ನು ಬಿಚ್ಚತೊಡಗಿದ. ಅವನು ಮಾತು ಕಡಿಮೆಯ ಹುಡುಗ, ಸರದಿಯಲ್ಲಿ ಪ್ರತಿ ವಾರವೂ ಕಾಣಿಸಿಕೊಳ್ಳುತ್ತಿದ್ದವ. ಶಿಕ್ಷಕಿ ಓಡಿಹೋಗಿ ಕೈ ಹಿಡಿದರು. ಸಿಟ್ಟಿನಿಂದಲೋ ಬೇಸರದಿಂದಲೋ ಹೀಗೆ ಮಾಡುತ್ತಿದ್ದಾನೆಂದು ಇಬ್ಬರಿಗೂ ಅನಿಸಿತ್ತು. ಅವನು ಬೆರಳಿಟ್ಟು ತೋರಿಸಿ, ‘ಇಲ್ಲೀವರೆಗೆ ನಂದು, ಟೀಚರ್. ಇಲ್ಲಿಂದ ನಿಮ್ಮದು’ ಎಂದ.

ಅವನು ತೋರಿಸಿದ್ದು ಸರಿಯಾಗಿತ್ತು. ಕೆಳಗಿನ ಸಾಲುಗಳು ಒಮ್ಮೆ ಸಡಿಲ, ಒಮ್ಮೆ ಬಿಗಿ. ಮೇಲಿನ ಆರು ಸಾಲುಗಳು ಅಚ್ಚು ಹಾಕಿದಂತೆ ಒಂದೇ ಸಮ. ಪಳಗಿದ ಕೈಯ ಹೆಣಿಗೆ ಕಲಿಯುವ ಕೈಯ ಪಕ್ಕದಲ್ಲಿ ಮುಚ್ಚಿಡಲಾಗದಷ್ಟು ಬೇರೆಯಾಗಿ ಕಾಣುತ್ತದೆ. ಶಿಕ್ಷಕಿ ಅಷ್ಟು ಚೆನ್ನಾಗಿ ಹೆಣೆಯದೆ ಇದ್ದಿದ್ದರೆ ಅವನಿಗೆ ಅದು ತಿಳಿಯುತ್ತಲೇ ಇರಲಿಲ್ಲವೇನೋ.

ಆ ಸಂಜೆ ನಾವು ಮಾತಾಡಿಕೊಂಡದ್ದರಲ್ಲಿ ಎರಡು ಸಂಗತಿಗಳಿದ್ದವು. ಒಂದು, ಹುಡುಗನಿಗೆ ತನ್ನದಲ್ಲದ ಕೆಲಸ ಬೇಡವಾಗಿತ್ತು. ಇದನ್ನು ಯಾರಾದರೂ ಊಹಿಸಬಹುದು. ಎರಡನೆಯದೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಎಂಟು ವಾರ ಸರದಿಯಲ್ಲಿ ನಿಂತ ಈ ಮಗುವಿಗೆ ಹೆಣಿಗೆಯನ್ನು ಓದಲು ಬರುತ್ತಿತ್ತು. ಯಾವ ಸಾಲು ಎಲ್ಲಿ ಮುಗಿಯಿತು, ಎಲ್ಲಿ ಕೈ ಬದಲಾಯಿತು ಎಂಬುದನ್ನು ಗುರುತಿಸಬಲ್ಲ ಕಣ್ಣು ಕುಣಿಕೆ ಎಲ್ಲಿ ಜಾರಿತೆಂಬುದನ್ನೂ ಗುರುತಿಸಬಲ್ಲದು. ನಾವು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ತುಂಡು ನಮ್ಮ ಕೈಗೆ ಬಂದೊಡನೆ ಸರಿಪಡಿಸಿ ಹಿಂದಕ್ಕೆ ಕೊಟ್ಟಿದ್ದೆವು. ತಪ್ಪನ್ನು ನೋಡುವ ಕೆಲಸ ಮೊದಲಿನಿಂದಲೂ ನಮ್ಮದೇ ಆಗಿತ್ತು.

ಕಡ್ಡಿಗಳನ್ನು ಎತ್ತಿಟ್ಟದ್ದು

ಶಿಕ್ಷಕಿ ಎರಡು ನಿರ್ಧಾರ ತೆಗೆದುಕೊಂಡರು. ಇನ್ನು ಮೇಲೆ ದೊಡ್ಡವರ ಕೈ ಮಗುವಿನ ತುಂಡನ್ನು ಮುಟ್ಟಬಾರದು. ಮತ್ತು ಮೂರು ವಾರ ಕಡ್ಡಿಗಳನ್ನು ಎತ್ತಿಟ್ಟು, ಬಿಟ್ಟುಬಿಟ್ಟಿದ್ದ ಬೆರಳ ಹೆಣಿಗೆಗೆ ಹಿಂದಿರುಗಬೇಕು. ಎರಡನೆಯದನ್ನು ನಾನು ವಿರೋಧಿಸಿದೆ. ಮುಂದೆ ಹೋದವರು ಕುಗ್ಗುತ್ತಾರೆ, ಕಾಲು ಭಾಗಕ್ಕಿಂತ ಹೆಚ್ಚು ವರ್ಷ ಕಳೆದಾಗಿದೆ ಎಂದು ವಾದಿಸಿದೆ. ನನ್ನ ಅಂಜಿಕೆ ಪೂರ್ತಿ ಸುಳ್ಳಾಗಲಿಲ್ಲ. ಕಿತ್ತಳೆ ನೂಲಿನ ಹುಡುಗನಿಗೆ ಆ ಮೂರು ವಾರ ಬೇಸರ ತಂದಿತು, ಅವನ ಮೊದಲಿನ ಹುರುಪು ವರ್ಷದ ಕೊನೆಯವರೆಗೂ ಮರಳಲಿಲ್ಲ.

ಉಳಿದ ಬಹುಪಾಲು ಮಕ್ಕಳಿಗೆ ಅದು ಬೇಕಾಗಿತ್ತು. ಬೆರಳಿನಲ್ಲಿ ಹೆಣೆಯುವಾಗ ಕುಣಿಕೆ ದೊಡ್ಡದಾಗಿ, ಒಂದೊಂದಾಗಿ ಕಾಣುತ್ತದೆ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುವುದಷ್ಟೇ ಹೆಣಿಗೆ ಎಂಬುದು ಕೈಗೇ ಗೊತ್ತಾಗುತ್ತದೆ. ಶಿಕ್ಷಕಿ ಅವರಿಂದ ಬೇಕೆಂದೇ ಬಿಚ್ಚಿಸಿದರು, ಮತ್ತೆ ಹೆಣೆಸಿದರು. ಬಿಚ್ಚುವುದು ಆಟವಾದ ಮೇಲೆ ಬಿಚ್ಚಿಹೋಗುವುದರ ಭಯ ಕಡಿಮೆಯಾಯಿತು. ಭಯದಿಂದ ನೂಲನ್ನು ಜಗ್ಗಿ ಜಗ್ಗಿ ಬಿಗಿಮಾಡುತ್ತಿದ್ದ ಕೈಗಳು ಸಡಿಲಗೊಂಡದ್ದು ಇದರಿಂದಲೇ ಇರಬೇಕು. ಆಮೇಲೂ ಬಿಗಿ ಉಳಿದವರಿಗೆ, ಕುಣಿಕೆಯನ್ನು ಕಡ್ಡಿಯ ಚೂಪಾದ ತುದಿಯಲ್ಲಲ್ಲ, ದಪ್ಪ ಭಾಗದವರೆಗೆ ತಳ್ಳಿ ಹೆಣೆಯಬೇಕೆಂದು ಹೇಳಿದ್ದು ಸಾಕಾಯಿತು.

ಇದೇ ಮೂರು ವಾರಗಳಲ್ಲಿ ಶಿಕ್ಷಕಿ ದಪ್ಪ ಹಗ್ಗವನ್ನು ಕೋಲುಗಳ ಮೇಲೆ ಹೆಣೆದು, ತಪ್ಪುಗಳ ಮಾದರಿಗಳನ್ನು ತಯಾರಿಸಿ ಗೋಡೆಗೆ ತೂಗುಹಾಕಿದರು. ಮಕ್ಕಳೇ ಹೆಸರಿಟ್ಟರು. ಜಾರಿದ ಕುಣಿಕೆ ಸಾಲು ಸಾಲಾಗಿ ಬಿಚ್ಚಿಕೊಂಡದ್ದು ‘ಏಣಿ’. ಎಣಿಕೆಗೆ ಹೆಚ್ಚಾಗಿ ಸೇರಿಕೊಂಡದ್ದು ‘ಕಳ್ಳ ಕುಣಿಕೆ’. ಸಾಲಿನ ನಡುವೆ ತಿರುಗಿಬಂದದ್ದು ‘ಅರ್ಧ ದಾರಿ’. ನನಗೆ ಇಡೀ ವರ್ಷದಲ್ಲಿ ಅತ್ಯಂತ ಉಪಯುಕ್ತವೆನಿಸಿದ ಸಾಮಗ್ರಿ ಈ ಮೂರು ಹೆಸರುಗಳು. ಹೆಸರಿಲ್ಲದಾಗ ಮಗು ‘ಟೀಚರ್, ಹಾಳಾಯ್ತು’ ಎನ್ನುತ್ತಿತ್ತು. ಹೆಸರು ಸಿಕ್ಕ ಮೇಲೆ ‘ಟೀಚರ್, ಎರಡು ಕಳ್ಳ ಬಂದಿವೆ’ ಎನ್ನತೊಡಗಿತು.

ಹದಿಮೂರನೇ ವಾರ ಕಡ್ಡಿಗಳು ಹೊರಬಂದವು. ಪ್ರತಿ ತುಂಡಿನ ಮೊದಲ ಆರು ಸಾಲುಗಳನ್ನು ಶಿಕ್ಷಕಿ ಬಿಳಿ ನೂಲಿನಲ್ಲಿ ಹೆಣೆದು ಕೊಟ್ಟರು; ಅಲ್ಲಿಂದ ಮುಂದೆ ಮಗುವಿನ ಬಣ್ಣ. ಕಷ್ಟದ ಮೊದಲ ಸಾಲು ತಪ್ಪಿತು, ಹಿಡಿಯಲು ಒಂದಿಷ್ಟು ಬಟ್ಟೆ ಸಿಕ್ಕಿತು, ಯಾರದು ಎಲ್ಲಿವರೆಗೆ ಎಂಬುದೂ ಬಣ್ಣದಲ್ಲೇ ಸ್ಪಷ್ಟವಾಗಿತ್ತು. ಪ್ರತಿ ಸಾಲಿನ ಕೊನೆಗೆ ಎಣಿಸಬೇಕು. ಲೆಕ್ಕ ತಪ್ಪಿದರೆ ಗೋಡೆಯ ಮಾದರಿಗಳಲ್ಲಿ ಯಾವುದೆಂದು ಮೊದಲು ತಾನೇ ಹುಡುಕಬೇಕು. ಆಮೇಲೂ ತಿಳಿಯದಿದ್ದರೆ ಶಿಕ್ಷಕಿ ಮಗುವಿನ ಪಕ್ಕದಲ್ಲಿ ಕುಳಿತು ತಮ್ಮದೇ ತುಂಡಿನಲ್ಲಿ ಅದೇ ತಪ್ಪನ್ನು ಮಾಡಿ, ಸರಿಪಡಿಸುವುದನ್ನು ತೋರಿಸುತ್ತಾರೆ. ಮಗು ತನ್ನದನ್ನು ತಾನೇ ಮಾಡಬೇಕು. ಏಣಿಯನ್ನು ಹತ್ತಿಸಲು ಪ್ರತಿ ಮೇಜಿಗೂ ಒಂದು ಕ್ರೋಷಾ ಕಡ್ಡಿ, ಜಾರಿದ ಕುಣಿಕೆಯನ್ನು ಹಿಡಿದಿಡಲು ಒಂದು ಪಿನ್ನು. ಅರ್ಧ ದಾರಿಗೆ ಒಂದೇ ಸೂತ್ರ ಸಾಕಾಯಿತು: ಕೆಲಸವನ್ನು ಮತ್ತೆ ಎತ್ತಿಕೊಳ್ಳುವಾಗ ಉಂಡೆಯ ನೂಲು ಯಾವ ಕಡ್ಡಿಯಿಂದ ಇಳಿದಿದೆಯೋ ಅದು ಬಲಗೈಗೆ.

ಎಡಗೈಯ ಮಕ್ಕಳು ಇಬ್ಬರಿದ್ದರು. ಹೆಣಿಗೆಯಲ್ಲಿ ಎರಡೂ ಕೈಗಳಿಗೆ ಕೆಲಸವಿರುವುದರಿಂದ ಒಬ್ಬಳು ಉಳಿದವರಂತೆಯೇ ಹೆಣೆದಳು. ಇನ್ನೊಬ್ಬನಿಗೆ ಅದು ಒಗ್ಗಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಕನ್ನಡಿಯಲ್ಲಿ ನೋಡಿದಂತೆ ಕಲಿಸಲಾಯಿತು, ನೂಲಿನ ಸೂತ್ರವೂ ಅವನಿಗೆ ಎಡಗೈಗೆ ಬದಲಾಯಿತು. ಮುಗಿದ ಚೌಕದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ನಡೆದದ್ದು

ಮೊದಲ ಎರಡು ವಾರ ಗದ್ದಲವೇ ಗದ್ದಲ. ಸರಿಪಡಿಸಿ ಕೊಡುವವರಿಲ್ಲವೆಂದು ಗೊತ್ತಾದಾಗ ಮೂವರು ಅತ್ತರು, ಒಬ್ಬಳು ಚೀಲವನ್ನು ತೆರೆಯಲಿಲ್ಲ. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ಶಿಕ್ಷಕಿಗೆ ಹೆಣೆಯುವುದಕ್ಕಿಂತ ಕಷ್ಟವಾಯಿತು. ನಾನಂತೂ ಎರಡು ಬಾರಿ ನಿಯಮ ಮುರಿದೆ. ಹದಿನೇಳನೇ ವಾರ ಮೇಜಿನ ಮುಂದೆ ಎಣಿಸಿದಾಗ ಇಬ್ಬರಿದ್ದರು, ಅವರಲ್ಲಿ ಒಬ್ಬ ನೂಲು ಮುಗಿದಿದೆಯೆಂದು ಹೇಳಲು ಬಂದವ. ಜೋಡಿಗಳೂ ತಾವಾಗಿಯೇ ಮತ್ತೆ ಹುಟ್ಟಿದವು. ಈ ಸಲ ಹಳದಿ ನೂಲಿನ ಹುಡುಗಿ ತನ್ನ ತುಂಡನ್ನು ಮಡಿಲಲ್ಲೇ ಇಟ್ಟುಕೊಂಡು, ಪಕ್ಕದವಳ ಹೆಣಿಗೆಯ ಮೇಲೆ ಬೆರಳು ತೋರಿಸಿ ‘ಇಲ್ಲಿ ನೋಡು, ಎರಡು ಕಾಲಿನದು ಒಂದೇ’ ಎನ್ನುತ್ತಿದ್ದಳು.

ವರ್ಷದ ಕೊನೆಗೆ 17 ಮಕ್ಕಳು ತಮ್ಮ ಬಣ್ಣದಲ್ಲಿ 20 ಪಟ್ಟಿ ಮುಟ್ಟಿದ್ದರು. ಆರು ಮಂದಿಯದು ಚೌಕವಾಗದೆ ಅಡ್ಡಪಟ್ಟಿಯಾಗಿ ನಿಂತಿತು. ಮೂವರದು ಅಪೂರ್ಣ. ಸಾಮಗ್ರಿ, ಬೆರಳ ಹೆಣಿಗೆ, ಮಾದರಿಗಳು, ಮುಟ್ಟದ ನಿಯಮ ಇವುಗಳಲ್ಲಿ ಯಾವುದರ ಫಲ ಎಷ್ಟೆಂದು ಬಿಡಿಸಿ ಹೇಳಲಾಗದು. ಕೊನೆಯ ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಸಾಮಗ್ರಿಯೊಂದೇ ಬದಲಾದಾಗ ಸರದಿ ಹೆಚ್ಚು ಕರಗಿರಲಿಲ್ಲವೆಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಇದೇ ಕೆಲಸಕ್ಕೆ ಇಳಿಯುವವರು ಒಳ್ಳೆಯ ಕಡ್ಡಿ, ನೂಲುಗಳನ್ನು ಮೊದಲ ದಿನವೇ ಕೊಡಲಿ, ಬೆರಳ ಹೆಣಿಗೆಯನ್ನು ನಡುವಿನಲ್ಲಲ್ಲದೆ ಆರಂಭದಲ್ಲಿ ಇಡಲಿ. ಹಾಗೆ ಮಾಡಿದ್ದರೆ ಕಿತ್ತಳೆ ನೂಲಿನ ಹುಡುಗ ನಮ್ಮ ಕೈತಪ್ಪುತ್ತಿರಲಿಲ್ಲ. ಮೇಜಿನ ಮುಂದೆ ಸರದಿ ಬೆಳೆಯುತ್ತಿದ್ದರೆ ಅಲ್ಲಿ ನಿಂತ ಮೊದಲ ಮಗುವನ್ನು ತಪ್ಪು ಎಲ್ಲಿದೆಯೆಂದು ಕೇಳಿ ನೋಡಲಿ. ನಾವು ಅದನ್ನು ಕೇಳಲು ಒಂಬತ್ತು ವಾರ ತೆಗೆದುಕೊಂಡೆವು.

ಒಂದು ವಿಷಯದಲ್ಲಿ ನಿಯಮ ಉಳಿಯಲಿಲ್ಲ. ಕೊನೆಯಲ್ಲಿ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಅಂಚು ಮುಚ್ಚುವುದನ್ನು ಕಲಿಸಲು ಸಮಯ ಸಾಲದೆ, ಅದನ್ನು ತಾವೇ ಮಾಡಿಕೊಡುವುದಾಗಿ ಶಿಕ್ಷಕಿ ಹೇಳಿದರು. ಇಬ್ಬರದು ಮುಚ್ಚಿಯಾಗಿತ್ತು. ಮೂರನೆಯವನಾಗಿ ನೀಲಿ ನೂಲಿನ ಹುಡುಗ ಬಂದ. ಅವನ ತುಂಡಿನಲ್ಲಿ 20ರ ಬದಲು 23 ಕುಣಿಕೆಗಳಿದ್ದವು. ಮೂರು ಕಳ್ಳ ಕುಣಿಕೆಗಳು ಎಲ್ಲೆಲ್ಲಿ ಸೇರಿದವೆಂದು ಅವನಿಗೆ ಗೊತ್ತಿತ್ತು, ಬಿಚ್ಚದೆ ಬಿಟ್ಟಿದ್ದ. ಶಿಕ್ಷಕಿ ಅವನ ನೀಲಿ ಉಂಡೆಯ ನೂಲನ್ನೇ ಹಿಡಿದು ಮುಚ್ಚಲು ತೊಡಗಿದಾಗ ಅವನು ತಡೆದು, ‘ಮುಚ್ಚೋದು ನಿಮ್ಮ ಕೆಲಸ ಅಲ್ವಾ ಟೀಚರ್? ಹಾಗಾದ್ರೆ ಬಿಳಿ ನೂಲು ಹಾಕಿ’ ಎಂದ. ಶಿಕ್ಷಕಿ ನೀಲಿ ನೂಲನ್ನು ಬಿಟ್ಟು ಬಿಳಿ ಉಂಡೆ ತರಿಸಿದರು. ಆಮೇಲೆ ಮುಂಚಿನ ಇಬ್ಬರನ್ನೂ ಕರೆದು, ಅವರ ಅಂಚುಗಳನ್ನು ಬಿಚ್ಚಿ ಬಿಳಿಯಲ್ಲಿ ಮತ್ತೆ ಮುಚ್ಚಿದರು.